ಯು ಇಲ್ಲದ ಕ್ಯೂ

ಡಿಸೆಂಬರ್ ರಜೆಗೆ ಬಂದ ತಂಗಿಯ ಮಗಳು ಅಮೆರಿಕದಿಂದ ಒಂದು ಸ್ಕ್ರಾಬಲ್ ಡಬ್ಬಿ ತಂದಿದ್ದಳು. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಆಟ. ಅವರೆಕಾಯಿ ಕಾಲ. ನೆನೆಹಾಕಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಮ್ಮ ಒಂದೊಂದೇ ಹಿಸುಕುತ್ತಾ ಕೂತಿದ್ದಳು. ಪಕ್ಕದಲ್ಲೇ ಚಾಪೆ ಮೇಲೆ ನಮ್ಮ ಆಟ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಕಾಗದ ಬರೆದು ರಿಟೈರ್ ಆದವನು ನಾನು. ಹದಿನಾಲ್ಕು ವರ್ಷದ ಹುಡುಗಿ ಏನು ಮಹಾ ಆಡ್ತಾಳೆ ಅಂತ ಒಳಗೊಳಗೇ ಜಂಬವಿತ್ತು.

ಮೊದಲ ಆಟದಲ್ಲೇ ಕ್ಯೂ ಅಕ್ಷರ ನನ್ನ ಕೈಗೆ ಬಂತು. ಹತ್ತು ಪಾಯಿಂಟಿನ ಬಿಲ್ಲೆ! ಖುಷಿಯಾಯಿತು. ಆದರೆ ಕ್ಯೂ ಆದ ಮೇಲೆ ಯು ಬರಬೇಕು ಅಂತ ಶಾಲೆಯಲ್ಲಿ ಕಲಿಸಿದ್ದರಲ್ಲ? ಡಬ್ಬಿಯ 100 ಬಿಲ್ಲೆಗಳಲ್ಲಿ ಯು ಇರೋದು ನಾಲ್ಕೇ. ನಾಲ್ಕೂ ಎಲ್ಲೋ ಹಂಚಿಹೋದವು. ಮದುವೆಯಾಗದ ಮಗನನ್ನು ಮನೆಯಲ್ಲಿಟ್ಟುಕೊಂಡ ಹಾಗೆ ಆ ಬಿಲ್ಲೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದೆ. ಆಟ ಮುಗಿದಾಗ ಕೈಯಲ್ಲಿ ಉಳಿದಿದ್ದಕ್ಕೆ ಹತ್ತು ಪಾಯಿಂಟ್ ಕಳೆದಳು.

ಎರಡನೇ ಆಟದಲ್ಲಿ ಅದು ಅವಳ ಪಾಲಿಗೆ ಹೋಯಿತು. ಬೋರ್ಡಿನಲ್ಲಿ ಮೊದಲೇ ಇದ್ದ ಒಂದು ಐ ಮೇಲೆ, ಅಕ್ಷರಕ್ಕೆ ಮೂರು ಪಟ್ಟು ಸಿಗುವ ಮನೆಯಲ್ಲಿ ಕ್ಯೂ ಇಟ್ಟು, ಬಲಕ್ಕೊಂದು ಐ ಜೋಡಿಸಿದಳು. ಅಡ್ಡಕ್ಕೂ ಉದ್ದಕ್ಕೂ ಅದೇ ಎರಡಕ್ಷರದ ಪದ. ಒಂದೇ ಏಟಿಗೆ 62!

“ಇದೇನೇ ಇದು? ಹೀಗೊಂದು ಪದ ಇದೆಯಾ?”

“ಇದೆ ಮಾವ. ‘ಚೀ’ ಅಂತ ಓದಬೇಕು.”

“ಛೀ ಅಂತಾನೇ ನಾನೂ ಅಂದುಕೊಂಡೆ. ಅರ್ಥ ಏನು?”

“ಗೊತ್ತಿಲ್ಲ. ಅರ್ಥ ಯಾಕೆ ಬೇಕು?”

ಅವಳ ಮಾತು ಸುಳ್ಳಲ್ಲ. ಈ ಆಟದ ದೊಡ್ಡ ಪೈಲ್ವಾನ್ ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್. ಆತ ಫ್ರೆಂಚ್ ಮಾತಾಡಲು ಬರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಚಾಂಪಿಯನ್ ಆದರು. ಒಂಬತ್ತು ವಾರ ಪದಗಳನ್ನು ಬರೀ ಉರು ಹೊಡೆದಿದ್ದರಂತೆ. ನಮ್ಮ ಹಿರಿಯರೂ ಅಮರಕೋಶ ಉರು ಹೊಡೆಯುತ್ತಿದ್ದರು, ನಿಜ. ಆದರೆ ಅದರಲ್ಲಿ ಪದದ ಬೆನ್ನಿಗೇ ಅರ್ಥವೂ ಬಂದುಬಿಡುತ್ತಿತ್ತು. ಅರ್ಥವಿಲ್ಲದೆ ಪದ ನುಂಗೋದು ನನ್ನ ಕೈಲಾಗದು.

ರಾತ್ರಿ ಕನ್ನಡಕ ಹಾಕಿಕೊಂಡು ಅವಳ ಫೋನಿನಲ್ಲಿದ್ದ ಪದಪಟ್ಟಿ ಹಿಡಿದು ಕೂತೆ. ಎರಡಕ್ಷರದ ಪದಗಳೇ ನೂರಕ್ಕೂ ಜಾಸ್ತಿ. ‘ಚೀ’ ಅಂದರೆ ಚೀನೀಯರ ಪ್ರಕಾರ ಮೈಯೊಳಗೆ ಹರಿಯುವ ಜೀವಶಕ್ತಿ. ಎರಡು ಎ ಸೇರಿದರೆ ಹವಾಯಿ ದ್ವೀಪದ ಮೊನಚು ಮೊನಚಾದ ಲಾವಾ ಕಲ್ಲು. ಓದುವುದು ‘ಆಆ’ ಅಂತ. ಬರಿಗಾಲಲ್ಲಿ ಅದರ ಮೇಲೆ ಕಾಲಿಟ್ಟವನೇ ಆ ಹೆಸರಿಟ್ಟಿರಬೇಕು ಅನ್ನೋದು ನನ್ನ ಸ್ವಂತ ಸಂಶೋಧನೆ. ಎ ಮತ್ತು ಐ ಸೇರಿದರೆ ದಕ್ಷಿಣ ಅಮೆರಿಕದ ಕಾಡಿನಲ್ಲಿ ಕೊಂಬೆಗೆ ಜೋತುಬಿದ್ದಿರುವ, ಮೂರು ಬೆರಳಿನ ಸೋಮಾರಿ ಪ್ರಾಣಿ. ಅದನ್ನು ‘ಆಯಿ’ ಅನ್ನಬೇಕಂತೆ. ಧಾರವಾಡದ ಕಡೆ ಅಜ್ಜಿಯನ್ನು ಆಯಿ ಅಂತ ಕರೆಯುತ್ತಾರೆ. ಅವರಿಗೆ ಇದನ್ನು ಹೇಳದಿರುವುದೇ ಕ್ಷೇಮ.

ಆಮೇಲೆ ಬಂತು ಯು ಇಲ್ಲದ ಕ್ಯೂ ಪದಗಳ ಪಟ್ಟಿ. ಸ್ಕ್ರಾಬಲ್ ಆಡುವವರಿಗೆ ಇದು ಮಂತ್ರದ ಪುಸ್ತಕವಿದ್ದ ಹಾಗೆ. ನೋಡುತ್ತಾ ಹೋದೆ. ಫಕೀರ. ಬುರ್ಖಾ. ತಲಾಖ್. ಖಾಜಿ. ಅರೆ, ಇವರೆಲ್ಲ ನಮ್ಮೂರಿನವರೇ! ಜೋರಾಗಿ ಓದಿದೆ. ಅಮ್ಮ ಕಾಳಿನಿಂದ ತಲೆ ಎತ್ತಿ, “ಇವೂ ಇಂಗ್ಲಿಷೇ? ಹಾಗಾದ್ರೆ ನನಗೂ ಅಷ್ಟಿಷ್ಟು ಬರುತ್ತೆ ಬಿಡು” ಅಂದಳು.

ಕ್ಯೂಗೆ ಯು ಗಂಟುಬಿದ್ದದ್ದು ಫ್ರೆಂಚಿನ ಸಹವಾಸದಿಂದ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಅನ್ನೋ ಪದವನ್ನು ಸಿ, ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಫ್ರೆಂಚ್ ಬರವಣಿಗೆಯ ರೂಢಿ ನಿಧಾನಕ್ಕೆ ಎಲ್ಲ ಕಡೆ ಹಬ್ಬಿತು, ರಾಣಿಯ ಸ್ಪೆಲ್ಲಿಂಗೂ ಬದಲಾಯಿತು. ಅರಬ್ಬಿಯಲ್ಲಿ ‘ಖಾಫ್’ ಅಂತ ಒಂದು ಅಕ್ಷರವಿದೆ, ಗಂಟಲಿನ ಆಳದಿಂದ ಬರುವ ಕ. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಒಂಟಿ ಕ್ಯೂ ಸಾಕಾಯಿತು. ನಾವು ಅದನ್ನು ಕೆಲವು ಸಲ ಖ ಮಾಡಿದೆವು, ಫಕೀರನ ಪಾಲಿಗೆ ಮಾತ್ರ ಬರೀ ಕ. ಯೆಮನ್ ಜನ ಮಧ್ಯಾಹ್ನ ಕೆನ್ನೆಯೊಳಗೆ ಒತ್ತರಿಸಿಕೊಂಡು ಜಗಿಯುವ ಸೊಪ್ಪಿಗೂ ಕ್ಯೂ, ಅರಬರ ಸಂತೆಗೂ ಕ್ಯೂ.

ಒಂದು ಪದಕ್ಕೆ ಬಂದು ನಿಂತುಬಿಟ್ಟೆ. ‘ಖನಾತ್’. ಪರ್ಷಿಯಾದ ನೆಲದಡಿಯ ನೀರಿನ ಕಾಲುವೆ ಅಂತ ಅರ್ಥ ಕೊಟ್ಟಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ! ಬೀದರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಭಾನುವಾರ ನೌಬಾದಿಗೆ ಹೋಗಿದ್ದೆ. ಅಲ್ಲಿ ಇದಕ್ಕೆ ಕರೇಜ್ ಅಂತಾರೆ, ಸುರಂಗ ಬಾವಿ ಅಂತಲೂ ಕರೀತಾರೆ. ಬಹಮನಿ ಸುಲ್ತಾನರ ಕಾಲದ್ದು. ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ಸುರಂಗ. ಪಂಪಿಲ್ಲ, ಏತವಿಲ್ಲ. ಸಣ್ಣಗೆ ಇಳಿಜಾರು ಬಿಟ್ಟಿದ್ದಾರೆ, ನೀರು ತಾನಾಗಿ ಹರಿದು ಬರುತ್ತೆ. ನೆಲದ ಮೇಲೆ ಅಲ್ಲಲ್ಲಿ ಗಾಳಿಬಾವಿಗಳು. ಒಂದರಲ್ಲಿ ಬಗ್ಗಿ ನೋಡಿದ್ದೆ. ಬಿಸಿಲಿಗೆ ಕಾದ ಮುಖಕ್ಕೆ ಕೆಳಗಿನ ತಣ್ಣನೆ ಗಾಳಿ ಹೊಡೆದಿದ್ದು ಇನ್ನೂ ನೆನಪಿದೆ. ಆ ಸುರಂಗ ಹೀಗೆ ಐದು ಅಕ್ಷರಗಳಾಗಿ, 14 ಪಾಯಿಂಟಾಗಿ, ಹುಡುಗರ ಫೋನಿನಲ್ಲಿ ಬಂದು ಕೂತಿರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಮರುದಿನ ಬೆಳಿಗ್ಗೆ ಕಾಫಿ ಆದ ಮೇಲೆ ಮತ್ತೆ ಚಾಪೆ ಹಾಸಿದೆವು. ದೇವರು ದೊಡ್ಡವನು, ಕ್ಯೂ ಬಂತು. ಕೈಯಲ್ಲಿ ಒಂದು ಎ, ಒಂದು ಎನ್, ಒಂದು ಟಿ. ಇನ್ನೊಂದು ಎ ಬೋರ್ಡಿನಲ್ಲೇ ಖಾಲಿ ಜಾಗದ ಪಕ್ಕ ನಿಂತಿತ್ತು. ನಿಧಾನವಾಗಿ, ಸದ್ದಾಗುವ ಹಾಗೆ, ಒಂದೊಂದೇ ಬಿಲ್ಲೆ ಇಟ್ಟೆ.

ಅವಳು ಫೋನ್ ನೋಡಿದಳು. ನನ್ನ ಮುಖ ನೋಡಿದಳು. “ಇದೆ ಮಾವ! ಏನಿದರ ಅರ್ಥ?”

ಗಂಟಲು ಸರಿಮಾಡಿಕೊಂಡು ಬಹಮನಿ ಸುಲ್ತಾನರಿಂದ ಶುರುಮಾಡಿದೆ. ನೌಬಾದ್ ತಲುಪುವಷ್ಟರಲ್ಲಿ ಅವಳು ಮುಂದಿನ ಪದ ಹಾಕಿ, 36 ಅಂತ ಬರೆದುಕೊಂಡು, ಚೀಲದಿಂದ ಹೊಸ ಬಿಲ್ಲೆ ತೆಗೆಯುತ್ತಿದ್ದಳು.