ಮೊಲಿನಾ ಬೆಲೆ ಬ್ಯಾಟಿಂಗ್ ಲೆಕ್ಕದಲ್ಲಿಲ್ಲ

ಬೇಸ್‌ಬಾಲ್ ಆಟಗಾರ ಯಾಡಿಯರ್ ಮೊಲಿನಾ ಬಗ್ಗೆ ನಿಮ್ಮ ಲೇಖನ ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ಒಂದು ಮಾತು. ಬೇಸ್‌ಬಾಲ್ ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಎಂದು ಬರೆದಿದ್ದೀರಿ. ಅಷ್ಟೇ ಅಲ್ಲ. ಕೀಪರ್ ಬಂದ ಚೆಂಡನ್ನು ಹಿಡಿಯುತ್ತಾನೆ. ಕ್ಯಾಚರ್ ಯಾವ ಚೆಂಡು ಬರಬೇಕು ಅಂತಲೇ ಹೇಳುತ್ತಾನೆ. ಕುಕ್ಕರಗಾಲಲ್ಲಿ ಕೂತು, ತೊಡೆಗಳ ನಡುವೆ ಬೆರಳಲ್ಲಿ ಸನ್ನೆ ಮಾಡಿ, ಪ್ರತಿ ಎಸೆತಕ್ಕೂ. ಮೊಲಿನಾ ಈ ಕೆಲಸವನ್ನು 2004ರಿಂದ 2022ರವರೆಗೆ 19 ಸೀಸನ್ ಮಾಡಿದರು, ಅದೂ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಒಂದೇ ತಂಡಕ್ಕೆ. ಮೊಣಕಾಲು ಏನಾಗಿರಬೇಕು ಯೋಚಿಸಿ!

2006ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ವಿರುದ್ಧದ ಲೀಗ್ ಫೈನಲ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ ನೆನಪಿಸಿಕೊಳ್ಳಿ. ಕೊನೆಯ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮೊಲಿನಾ ಹೊಡೆದ ಹೋಮ್ ರನ್ನಿಂದ (ನಮ್ಮ ಸಿಕ್ಸರ್ ಇದ್ದ ಹಾಗೆ) ಕಾರ್ಡಿನಲ್ಸ್ 3-1 ಮುಂದಾಯಿತು. ಎಲ್ಲರೂ ಅದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಆಮೇಲಿನದ್ದೇ ದೊಡ್ಡದು. ಮೆಟ್ಸ್ ಸರದಿ. ಮೂರೂ ಬೇಸ್‌ಗಳಲ್ಲಿ ಓಟಗಾರರು, ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಪಂದ್ಯ ಮುಗಿಯಿತು, ಎದುರಿಗೆ ಮೆಟ್ಸ್ ಬ್ಯಾಟರ್ ಕಾರ್ಲೋಸ್ ಬೆಲ್ಟ್ರಾನ್. ಎಸೆಯುತ್ತಿರುವುದು ಕಾರ್ಡಿನಲ್ಸ್‌ನ ಆಗಿನ್ನೂ ಹೊಸಬ ಪಿಚರ್ (ಎಸೆತಗಾರ) ಆಡಮ್ ವೇನ್‌ರೈಟ್. ಕೊನೆಗೆ ಒಂದು ಕರ್ವ್‌ಬಾಲ್ (ಬಾಗಿ ಕೆಳಗಿಳಿಯುವ ಎಸೆತ), ಬೆಲ್ಟ್ರಾನ್ ಬ್ಯಾಟು ಬೀಸಲೇ ಇಲ್ಲ, ಔಟ್! ಇದೇ ವೇನ್‌ರೈಟ್-ಮೊಲಿನಾ ಜೋಡಿ ಮುಂದೆ ಪಿಚರ್-ಕ್ಯಾಚರ್ ಆಗಿ 328 ಪಂದ್ಯಗಳನ್ನು ಒಟ್ಟಿಗೆ ಶುರು ಮಾಡಿ ದಾಖಲೆ ಬರೆಯಿತು.

ಬ್ಯಾಟಿಂಗ್ ಸರಾಸರಿ ನೋಡಿ 'ಸಾಧಾರಣ' ಅನ್ನುವವರಿಗೆ ಮೊಲಿನಾಗೆ ಬಂದ ಒಂಬತ್ತು ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ) ಕಾಣಿಸುವುದಿಲ್ಲ, ಅಲ್ವಾ? ಅಂದ ಹಾಗೆ, ಅಣ್ಣಂದಿರಾದ ಬೆಂಜಿ, ಹೋಸೆ ಕೂಡ ಕ್ಯಾಚರ್‌ಗಳೇ. ಮೂವರಿಗೂ ಬೇಸ್‌ಬಾಲ್‌ನ ಚಾಂಪಿಯನ್ ಪಟ್ಟದ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಉಂಗುರ ಇದೆ. ಪೋರ್ಟೊ ರಿಕೊದ ಆ ಮನೆಯ ಬಗ್ಗೆಯೂ ದಯವಿಟ್ಟು ಒಂದು ಲೇಖನ ಬರೆಯಿರಿ.