ತಬರನನ್ನು ನೋಡಿದ್ದು ತ್ರಿಶೂರಿನಲ್ಲಿ

ಮೂಡಿಗೆರೆಯಲ್ಲಿದ್ದ ತೇಜಸ್ವಿ ಬರೆದ ಕಥೆ, ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ. ಚಿಕ್ಕಮಗಳೂರಿನಲ್ಲೇ ಹುಟ್ಟಿ ಬೆಳೆದ ನಾನು 'ತಬರನ ಕಥೆ'ಯನ್ನು ಪರದೆ ಮೇಲೆ ಮೊದಲು ನೋಡಿದ್ದು ಕೇರಳದ ತ್ರಿಶೂರಿನಲ್ಲಿ. ಕೆಲಸಕ್ಕೆಂದು ಇಲ್ಲಿಗೆ ಬಂದು 11 ವರ್ಷವಾಯಿತು. ನಮ್ಮ ಬೀದಿಯ ವಾಚನಾಲಯದ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಹಳೆಯ ಸಿನಿಮಾ ಹಾಕುತ್ತಾರೆ. ಒಂದು ಬಿಳಿ ಪರದೆ, ಪ್ರೊಜೆಕ್ಟರ್, ಪ್ಲಾಸ್ಟಿಕ್ ಕುರ್ಚಿಗಳು. ಅಷ್ಟೇ.

ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಲೇ ಹೋಗುತ್ತದೆ. ನನ್ನ ಪಕ್ಕ ಕೂತಿದ್ದವರು ಒಬ್ಬ ರಿಟೈರ್ಡ್ ಗುಮಾಸ್ತರು. ಕನ್ನಡದ ಒಂದಕ್ಷರ ಬಾರದು, ಸಬ್‌ಟೈಟಲ್ ಓದಿಕೊಂಡು ನೋಡುತ್ತಿದ್ದರು. ಅರ್ಧ ಸಿನಿಮಾ ಆಗುವಷ್ಟರಲ್ಲಿ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಗಿಯುವವರೆಗೆ ಬಿಡಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. "ಈ ಮನುಷ್ಯ ನನ್ನ ಮೇಜಿನ ಮುಂದೆಯೂ ನಿಂತಿದ್ದ" ಅಂದರು.

1986ರ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿಯ ಸ್ವರ್ಣಕಮಲ ಪಡೆದ ಸಿನಿಮಾ ಅದು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೂ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಕಾಫಿ ಸೀಮೆಯ ಕಥೆ. ಅದನ್ನು ನಮ್ಮೂರಿನವರು ಒಟ್ಟಿಗೆ ಕೂತು ನೋಡಬೇಕಲ್ವಾ?

ಊರಿನಲ್ಲಿ ಹಳೆಯ ಸಿನಿಮಾ ತೋರಿಸುವುದೇ ಇಲ್ಲ ಅಂತಲ್ಲ. ಒಮ್ಮೆ ರಜೆಗೆ ಬಂದಾಗ ಹೋಗಿದ್ದೆ. ಐದು ಗಂಟೆಗೆ ಎಂದಿದ್ದರು. ಪ್ರಾರ್ಥನೆ, ದೀಪ, ಸ್ವಾಗತ, ಶಾಲು, ಹಾರ, ಅತಿಥಿಗಳ ಮಾತು ಎಲ್ಲ ಆಗಿ ಸಿನಿಮಾ ಶುರುವಾದಾಗ ಏಳೂಕಾಲು. ಹಳ್ಳಿಗಳಿಂದ ಬಂದವರು ಕೊನೇ ಬಸ್ಸಿಗೆಂದು ನಡುವೆಯೇ ಎದ್ದರು. ನನಗೆ ತುಂಬಾ ಬೇಜಾರಾಯಿತು. ಅವರು ಸಿನಿಮಾ ನೋಡಲೆಂದೇ ಬಂದಿದ್ದರು, ಭಾಷಣಕ್ಕಲ್ಲ.

ಇಲ್ಲಿ ತ್ರಿಶೂರಿನಲ್ಲಿ ಮೊದಲು ಸಿನಿಮಾ, ಆಮೇಲೆ ಮಾತು. ಬೇಕಾದವರು ಕೂತು ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ದುಡ್ಡಿನದು. ನಮ್ಮಲ್ಲಿ ಯಾರೋ ದೊಡ್ಡವರು ಖರ್ಚು ಕೊಡುತ್ತಾರೆ, ಪ್ರವೇಶ ಉಚಿತ. ಅವರು ಒಂದು ವರ್ಷ ಕೈಬಿಟ್ಟರೆ ಎಲ್ಲ ನಿಂತುಹೋಗುತ್ತದೆ. ಇಲ್ಲಿ ವರ್ಷದ ಚಂದಾ ಮೊದಲೇ ಕಟ್ಟುತ್ತಾರೆ, ಯಾವ ಸಿನಿಮಾ ಎಂದು ಗೊತ್ತಾಗುವ ಮುಂಚೆ. ತಮಗೆ ಅಷ್ಟಾಗಿ ಹಿಡಿಸದ ಸಿನಿಮಾ ಇದ್ದ ದಿನವೂ ಬರುತ್ತಾರೆ. ಕೇರಳಕ್ಕೆ ಈ ರೂಢಿ ಒಂದೇ ದಿನದಲ್ಲಿ ಬಂದಿದ್ದಲ್ಲ. ಮಲಯಾಳಂ ನಿರ್ದೇಶಕ ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು ತಿರುವನಂತಪುರದಲ್ಲಿ ಚಿತ್ರಲೇಖಾ ಫಿಲ್ಮ್ ಸೊಸೈಟಿ ಕಟ್ಟಿದ್ದು 1965ರಲ್ಲಿ. ನಾವೇನೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜ ಶುರುವಾಗಿದ್ದು 1973ರಲ್ಲಿ. ಚಿಕ್ಕಮಗಳೂರಿನಿಂದ ಅದೇನು ದೂರವೇ?

"ಎಲ್ಲ ಫೋನಲ್ಲೇ ಸಿಗುತ್ತಲ್ಲ ಅಣ್ಣ" ಅಂತಾನೆ ನನ್ನ ತಮ್ಮ. ಎಲ್ಲ ಸಿಗಲ್ಲ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರದ್ದು, ಅದರ ಒಂದು ಪ್ರಿಂಟೂ ಉಳಿದಿಲ್ಲ. ಕಾಸರವಳ್ಳಿಯವರದೇ 'ಘಟಶ್ರಾದ್ಧ'ದ ಹಳೆಯ ಪ್ರತಿಯನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ನೋಡುವ ಜನ ಇದ್ದಾರೆ ಅಂತ ಗೊತ್ತಾದರೆ ತಾನೇ ಇನ್ನೊಂದನ್ನು ಉಳಿಸಲು ಯಾರಾದರೂ ದುಡ್ಡು ಹಾಕುವುದು?

ಚಿಕ್ಕಮಗಳೂರಿನಲ್ಲೂ ಚಂದಾ ಕಟ್ಟಿ ಒಟ್ಟಿಗೆ ಸಿನಿಮಾ ನೋಡುವ ಇಂಥದೊಂದು ಕೂಟ ಕಟ್ಟೋಣ. ಲೆಕ್ಕ ಹಾಕಿ ನೋಡಿದ್ದೇನೆ. 100 ಜನ ವರ್ಷಕ್ಕೆ 600 ರೂಪಾಯಿ ಕೊಟ್ಟರೆ 60,000. ಹತ್ತು ಸಿನಿಮಾ ಅಂದರೆ ಒಂದೊಂದಕ್ಕೆ 6,000. ಕಾಫಿ ಕೊಯ್ಲು ಜೋರಾಗಿರುವ ಡಿಸೆಂಬರ್, ಜನವರಿ ಬಿಟ್ಟುಬಿಡೋಣ, ತೋಟದವರಿಗೆ ಆಗ ಬಿಡುವಿರಲ್ಲ. ಕುವೆಂಪು ಕಲಾಮಂದಿರದಷ್ಟು ದೊಡ್ಡ ಜಾಗವೇ ಬೇಕೆಂದಿಲ್ಲ, ಯಾವುದಾದರೂ ಶಾಲೆಯ ಹಾಲ್ ಸಾಕು. ಹಕ್ಕು ಇರುವವರನ್ನು ಕೇಳಿ, ಕೊಡಬೇಕಾದ್ದನ್ನು ಕೊಟ್ಟೇ ತೋರಿಸಬೇಕು. ಐದಕ್ಕೆ ಅಂದರೆ ಐದಕ್ಕೆ ದೀಪ ಆರಿಸಬೇಕು. ಬಂದವರು ಏಳೂವರೆ ಬಸ್ಸು ಹಿಡಿಯುವಂತಿರಬೇಕು.

ವರ್ಷಕ್ಕೆ ಎರಡು ಸಲ ಮಾತ್ರ ನಾನು ಊರಿಗೆ ಬರುವುದು. ಆದರೂ ಹೋದ ವಾರ ನನ್ನ 600 ರೂಪಾಯಿಯನ್ನು ತಮ್ಮನಿಗೆ ಕಳಿಸಿದೆ. ಹೆಸರು ಬರೆದುಕೊಳ್ಳಲು ಒಂದು ನೋಟ್‌ಬುಕ್ ತಂದಿದ್ದಾನೆ. ಮೊದಲ ಹೆಸರು ನನ್ನದು, ಎರಡನೆಯದು ಅಮ್ಮನದು.