ಕಾಲೇಜಿನ ಖರ್ಚು ಉಳಿಸಿ, ಆದರೆ ಪಾಠ ಮಾಡುವವರ ಹೊಟ್ಟೆಯಿಂದ ಬೇಡ

ನಮ್ಮ ಕರಾವಳಿಯ ಊರ ಕಾಲೇಜುಗಳಲ್ಲಿ ದುಡ್ಡು ಸಾಲದು ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಎರಡೇ ಕಡೆಗೆ. ಮಕ್ಕಳ ಫೀಸು, ಇಲ್ಲವೇ ಅತಿಥಿ ಉಪನ್ಯಾಸಕರ ಸಂಬಳ. ನನಗೆ ಇದು ಖಂಡಿತ ಒಪ್ಪಿಗೆ ಇಲ್ಲ. ಉಳಿಸುವುದಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಮಂಗಳೂರು ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜನ್ನು ನೋಡಿ. 1868ರಲ್ಲಿ ಶುರುವಾದ ಸಂಸ್ಥೆ. ಹಗಲು ಕಾಲೇಜು ನಡೆಯುವ ಆವರಣದಲ್ಲೇ ಸಂಜೆ ಕಾಲೇಜಿಗೂ ಜಾಗ ಮಾಡಿಕೊಟ್ಟರು. ಹೊಸ ಜಾಗ ಬೇಡ, ಹೊಸ ಬೆಂಚು ಬೇಡ. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು ದುಡಿಯುವ ಹುಡುಗನಿಗೂ ಒಂದು ಡಿಗ್ರಿ ಸಿಗುತ್ತದೆ. ಖರ್ಚು ಉಳಿಸುವುದು ಅಂದರೆ ಇದು ಅಲ್ವಾ?

ಕಟ್ಟಡದ ವಿಷಯದಲ್ಲಿ ನಮ್ಮವರು ಕೈ ಬಿಗಿ ಹಿಡಿದವರೇ ಅಲ್ಲ. ಉಡುಪಿ ಅಜ್ಜರಕಾಡಿನ ಮಹಿಳಾ ಕಾಲೇಜಿಗೆ ದಾನಿ ಡಾ. ಜಿ. ಶಂಕರ್ ಹೆಸರಿದೆ. ಮಂಗಳೂರು ರಥಬೀದಿಯ ಕಾಲೇಜಿಗೆ ದಯಾನಂದ ಪೈ, ಸತೀಶ ಪೈ ಹೆಸರಿದೆ. ಎರಡೂ ಸರ್ಕಾರಿ ಕಾಲೇಜುಗಳೇ. ಇಂಥ ದಾನದ ಬಗ್ಗೆ ನನಗೆ ನಿಜವಾಗಿ ಹೆಮ್ಮೆ ಇದೆ. ಆದರೆ ಪಾಠ ಮಾಡುವವರಿಗೆ ಅಂತ ಯಾರೂ ಕೊಡುವುದಿಲ್ಲ.

ನನಗೆ ಗೊತ್ತಿರುವ ಒಬ್ಬರು ಕಾಮರ್ಸ್ ಮೇಡಂ ಇದ್ದಾರೆ, ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು. ನಡುವೆ ಬಸ್ಸಲ್ಲೇ ಕೂತು ಇಂಟರ್ನಲ್ ಪೇಪರ್ ತಿದ್ದುತ್ತಾರೆ. ರಾತ್ರಿ ಮನೆಯಲ್ಲಿ ಟ್ಯೂಷನ್. ರಜೆ ಬಂದರೆ ಸಂಬಳವೂ ನಿಲ್ಲುತ್ತದೆ. ಡೌಟ್ ಕೇಳಲು ಸ್ಟಾಫ್ ರೂಮಿಗೆ ಹೋದ ಹುಡುಗಿಗೆ ಅವರು ಸಿಗುವುದಿಲ್ಲ, ಆಗಲೇ ಬಸ್ ಹತ್ತಿರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಇದು ಉಳಿತಾಯ. ನಷ್ಟ ಆ ಹುಡುಗಿಗೆ.

ಇದೇ ಉಡುಪಿಯಲ್ಲಿ 1928ರಲ್ಲಿ ಟಿ.ಎಂ.ಎ. ಪೈಗಳ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನೂ ಒಟ್ಟು ಮಾಡುತ್ತಿದ್ದರು. ಹಳೆ ವಿದ್ಯಾರ್ಥಿ ಸಂಘಗಳು ವರ್ಷಕ್ಕೊಮ್ಮೆ ದೊಡ್ಡ ಊಟ ಹಾಕಿಸುವ ಬದಲು ಹೀಗೇ ತಿಂಗಳು ತಿಂಗಳು ಚಿಕ್ಕ ಮೊತ್ತ ಒಟ್ಟು ಮಾಡಲಿ. ಬೇಸಿಗೆ ರಜೆಯಲ್ಲಿ ಹಿಂದಿನ ಪಾಠದ ಕೊರತೆ ತುಂಬುವ ಸೇತುಬಂಧ ತರಗತಿ ಇಟ್ಟು, ಅತಿಥಿ ಉಪನ್ಯಾಸಕರಿಗೆ ಆ ತಿಂಗಳ ಸಂಬಳ ಅದರಿಂದ ಕೊಡಬಹುದು.

ದುಡ್ಡೇ ಬೇಡದ ಕೆಲಸಗಳೂ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸೇ. ದಿನಾ ಬೆಳಿಗ್ಗೆ ಚಿಲ್ಲರೆ ಎಣಿಸಿ ಹೊರಡುವ ಹುಡುಗಿಯರು ಇದ್ದಾರೆ. ಇರುವ ಸರ್ಕಾರಿ ಬಸ್ಸಿನ ಸಮಯ ನೋಡಿ ಮೊದಲ ಪೀರಿಯಡ್ ಹದಿನೈದು ನಿಮಿಷ ಹಿಂದೆ ಮುಂದೆ ಮಾಡಿದರೆ ಕಾಲೇಜಿಗೆ ಒಂದು ಪೈಸೆ ಖರ್ಚಿಲ್ಲ. ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಸಾಕು.

ಇನ್ನೊಂದು ಮಾತು ಮಲ್ಪೆ ಮೀನುಗಾರಿಕೆ ಬಂದರಿನ ಬಗ್ಗೆ. ಜೂನ್ ಒಂದರಿಂದ ಜುಲೈ ಮುಗಿಯುವ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಹುಡುಗರಿಗೆ ಎರಡು ತಿಂಗಳು ಕಡಲ ಕೆಲಸ ಇಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳ ವರ್ಕ್‌ಶಾಪು ತರಗತಿ ಮುಗಿದ ಮೇಲೆ ಸಂಜೆಗೆ ಬೀಗ ಹಾಕಿಕೊಂಡು ಸುಮ್ನೆ ಇರುತ್ತದೆ. ಡೀಸೆಲ್ ಎಂಜಿನ್ ರಿಪೇರಿ, ವೈರಿಂಗ್, ಜಿಪಿಎಸ್ ಬಳಕೆ, ಬ್ಯಾಂಕ್ ಸಾಲದ ಕಾಗದ ಓದುವುದು, ಇಷ್ಟು ಕಲಿಸಲು ಎರಡು ತಿಂಗಳು ಧಾರಾಳ. ಯಂತ್ರ ಇದೆ, ಜಾಗ ಇದೆ, ಕಲಿಯುವವರೂ ಇದ್ದಾರೆ. ಖರ್ಚು ಬರುವುದು ಕಲಿಸುವವರ ಸಂಬಳ, ಕರೆಂಟು ಮತ್ತು ಒಂದಷ್ಟು ಸಾಮಾನು ಮಾತ್ರ. ಅದನ್ನು ಮೀನುಗಾರರ ಸಂಘಗಳ ಜೊತೆ ಹಂಚಿಕೊಳ್ಳಬಹುದು. ಮಾರ್ಚ್‌ನಲ್ಲೇ ಕೂತು ಮಾತಾಡಿದರೆ ಜೂನ್‌ಗೆ ಮೊದಲ ಬ್ಯಾಚ್ ಶುರು ಮಾಡಬಹುದು. ಈ ಕಾಲೇಜುಗಳ ಅಭಿವೃದ್ಧಿ ಸಮಿತಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಮೀಟಿಂಗಿನಲ್ಲಿ ಈ ವಿಷಯ ದಯವಿಟ್ಟು ಎತ್ತಿ.